ಜೇನುಬಣ್ಣದ ಪಟ್ಟಿ

"ಸತ್ತ ದನದ ಕೊಂಬು ಅರೆದು ನನ್ನ ಕಾರಿಗೆ ಮೆತ್ತಿದ್ದಾನೆ, ಈ ಅಯೋಗ್ಯ. ಎಲ್ಲರೂ ಇವನ ಮುಖ ನೋಡಿಟ್ಕೊಳ್ಳಿ. ಇವನ ಕೈ ಮುಟ್ಟಿದ ಒಂದು ಮೊಳೆಯನ್ನೂ ಮನೆಯೊಳಗೆ ಸೇರಿಸಬೇಡಿ."

ಶಾಂತರಾಜಯ್ಯ ತನ್ನ ಹಿತ್ತಾಳೆ ಪಾತ್ರೆ ಅಂಗಡಿಯ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ. ದೇವಯ್ಯ ಕೆಳಗೆ ಬೀದಿಯಲ್ಲಿ. ಚನ್ನರಾಯಪಟ್ಟಣದ ಪೇಟೆಬೀದಿಗೆ ಬೆಳಗಿನ ಹತ್ತು ಗಂಟೆ ಎಂದರೆ ಕೇಳಬೇಕೆ, ಬಸ್ಸಿಳಿದವರು, ಬಸ್ಸಿಗೆ ಕಾದವರು, ಬೆಲ್ಲದ ಮಂಡಿಯ ಹಮಾಲರು, ಎಲ್ಲ ಅಲ್ಲೇ. ಎದುರಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದ ಇಬ್ಬರು ತಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದರು.

"ಕೊಂಬಲ್ಲ ಸಾ. ಅದು ಬಾಚಣ್ಗೆ..."

"ಬಾಚಣಿಗೆ. ಕೇಳಿಸ್ಕೊಂಡ್ರಾ? ಅವನ ಬಾಯಲ್ಲೇ ಬಂತು. ಬಾಚಣಿಗೆ ಯಾವುದರದು? ಕೊಂಬಿಂದು. ನಮ್ಮ ಮನೆಯಲ್ಲಿ ಹೆಂಗಸರು ತಲೆ ಬಾಚೋದು ಬೀಟೆಮರದ ಬಾಚಣಿಗೆಯಲ್ಲಿ. ಅಂಥ ಮನೆ ಕಾರಿನೊಳಗೆ ತಂದು ಮೆತ್ತಿದಾನೆ."

"ನನ್ ಮಾತು ವಸಿ ಕೇಳಿ ಸಾ."

"ಆರನೇ ಕ್ಲಾಸು ದಾಟದ ನಿನ್ನ ಮಾತು ಕೇಳ್ಕೊಂಡು ಕೂರಕ್ಕೆ ನನಗೆ ಬೇರೆ ಕೆಲಸ ಇಲ್ವಾ?"

ಯಾರೋ ನಕ್ಕರು. ಆ ನಗು ದೇವಯ್ಯನ ಕುತ್ತಿಗೆಯ ಹಿಂದೆ ಬಿಸಿನೀರು ಸುರಿದಂತೆ ಇಳಿಯಿತು. ಅವನಿಗೆ ಮಾತು ಬರುತ್ತಿರಲಿಲ್ಲ ಎಂದಲ್ಲ. ಸಿಟ್ಟು ಬಂದಾಗ ಅವನಿಗೆ ಮಾತೆಲ್ಲ ಒಟ್ಟಿಗೆ ಬರುತ್ತಿತ್ತು, ಸಣ್ಣ ಬಾಗಿಲಲ್ಲಿ ದನದ ಹಿಂಡು ನುಗ್ಗಿದ ಹಾಗೆ, ಒಂದೂ ಆಚೆ ಬರುತ್ತಿರಲಿಲ್ಲ.

ಶಾಂತರಾಜಯ್ಯನ ಕೈಯಲ್ಲಿ ಆ ಪಟ್ಟಿ ಇತ್ತು. ಕಾರಿನ ಸ್ಟಿಯರಿಂಗ್ ಹಿಂದೆ, ಮೀಟರುಗಳ ಸುತ್ತ ಈ ತುದಿಯಿಂದ ಆ ತುದಿಯವರೆಗೆ ಕೂರುವ ಪ್ಲಾಸ್ಟಿಕ್ಕಿನ ಪಟ್ಟಿ. ಒಂದೂವರೆ ಮೊಳ ಉದ್ದ, ಜೇನಿನ ಬಣ್ಣ, ಒಳಗೆ ಕಂದು ಎಳೆಗಳು. ದೇವಯ್ಯ ಒಂಬತ್ತು ದಿನ ಕೂತು ಸರಿಮಾಡಿದ್ದು. ಶಾಂತರಾಜಯ್ಯ ಅದನ್ನು ಎಂಜಲೆಲೆಯ ಹಾಗೆ ಎರಡು ಬೆರಳಲ್ಲಿ ಹಿಡಿದು ಬೀದಿಗೆ ಎಸೆದ. ಚರಂಡಿಯ ಚಪ್ಪಡಿಯ ಮೇಲೆ ಬಿದ್ದು ಮೂರು ತುಂಡಾಯಿತು.

ದೇವಯ್ಯ ಬಗ್ಗಿ ತುಂಡುಗಳನ್ನು ಆಯ್ದುಕೊಂಡ. ಆಗಲೂ ಅವನ ಕಣ್ಣು ಒಂದನ್ನು ನೋಡದೆ ಬಿಡಲಿಲ್ಲ. ಪಟ್ಟಿ ಮುರಿದದ್ದು ಎರಡೂ ಹೊಸ ಜಾಗದಲ್ಲಿ. ಅವನು ಕೂಡಿಸಿದ್ದ ಕಡೆ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ.

ಅದನ್ನು ಯಾರಿಗೆ ತೋರಿಸುವುದು?

ಆ ಕಾರಿನ ಕತೆ ಹೀಗೆ. ಅದು ನಲವತ್ತೆಂಟನೇ ಇಸವಿಯ ಅಮೆರಿಕದ ಕಾರು, ಶಾಂತರಾಜಯ್ಯನ ತಂದೆ ಕೊಂಡದ್ದು. ಎಂಜಿನ್ನು ಇನ್ನೂ ಆನೆ. ಆದರೆ ಒಳಗಿನ ಪ್ಲಾಸ್ಟಿಕ್ಕು ಹದಿನೈದು ವರ್ಷದ ಬಿಸಿಲು ತಿಂದು ಹಪ್ಪಳವಾಗಿತ್ತು. ಮುಟ್ಟಿದರೆ ಚಕ್ಕೆ ಏಳುತ್ತಿತ್ತು. ಹೊಸದು ತರಿಸೋಣ ಎಂದರೆ ಪರದೇಶದ ಸಾಮಾನಿಗೆ ಸರ್ಕಾರ ಬಾಗಿಲು ಹಾಕಿ ಕೂತಿತ್ತು. ಮೈಸೂರಿನಲ್ಲಿ ಕೇಳಿದರು, ಬೆಂಗಳೂರಿನಲ್ಲಿ ಕೇಳಿದರು. ತಗಡಿನಲ್ಲಿ ಮಾಡಿ ಬಣ್ಣ ಹೊಡೆದುಬಿಡಿ ಎಂದರು. ಕೊನೆಗೆ ಡ್ರೈವರ್ ಚನ್ನಪ್ಪ ಹೇಳಿದ, ನಮ್ಮೂರಲ್ಲೇ ಒಬ್ಬ ಹುಡುಗ ಅವನೆ ಸಾ, ಚಂದ್ರಶೇಖರಯ್ಯನ ಗ್ಯಾರೇಜಿನ ಜಗಲೀಲಿ ಕೂತ್ಕತಾನೆ, ಮುರಿದ ಸ್ಟಿಯರಿಂಗ್ ಕೂಡಿಸ್ತಾನೆ, ನೋಡಿದ್ರೆ ಗೊತ್ತಾಗಕಿಲ್ಲ.

ದೇವಯ್ಯನಿಗೆ ಆಗ ಇಪ್ಪತ್ತೆರಡು. ಊರು ಹೊಳೆನರಸೀಪುರದ ಕಡೆ ಹಳೇಕೋಟೆ. ಆರನೇ ಕ್ಲಾಸಿನಲ್ಲಿ ಮೇಷ್ಟ್ರು ಎಮ್ಮೆ ಎಂದರೆಂದು ಸ್ಲೇಟನ್ನು ಅವರ ಮೇಜಿಗೆ ಕುಕ್ಕಿ ಹೊರಟು ಬಂದವನು ಮತ್ತೆ ಸ್ಕೂಲಿನ ಮೆಟ್ಟಿಲು ಹತ್ತಿರಲಿಲ್ಲ. ಹಾಸನದಲ್ಲಿ ಕನ್ನಡಕದ ಫ್ರೇಮು ರಿಪೇರಿ ಮಾಡುತ್ತಿದ್ದ ಮುದುಕರೊಬ್ಬರ ಬಳಿ ಆರು ವರ್ಷ ಇದ್ದ. ಮುರಿದದ್ದನ್ನು ಅದರ ಜಾತಿಯ ಸಾಮಾನಿನಿಂದಲೇ ಕೂಡಿಸಬೇಕು ಎನ್ನುವುದು ಆ ಮುದುಕರ ಪಾಠ. ಸರೇಸಿನ ಅಂಟು ಹಾಕಿದರೆ ಮಳೆಗಾಲಕ್ಕೆ ಬಿಡುತ್ತದೆ, ಅರಗು ಹಾಕಿದರೆ ಬೇಸಿಗೆಗೆ ಕರಗುತ್ತದೆ. ಔಷಧಿ ಅಂಗಡಿಯಲ್ಲಿ ಅಸಿಟೋನ್ ಎಂದು ಸಿಗುತ್ತದೆ, ನೀರಿನಂಥದ್ದು, ಬಿರಡೆ ತೆಗೆದಿಟ್ಟರೆ ಹಾರಿಹೋಗುತ್ತದೆ. ಸೆಲ್ಯುಲಾಯ್ಡ್ ಎನ್ನುವ ಪ್ಲಾಸ್ಟಿಕ್ಕಿನ ಬಾಚಣಿಗೆಯನ್ನು ಅರದಿಂದ ಉಜ್ಜಿ ಪುಡಿಮಾಡಿ ಅದರೊಳಗೆ ಹಾಕಿಟ್ಟರೆ ಬೆಳಗಾಗುವುದರೊಳಗೆ ಕರಗಿ ಗಂಜಿಯಾಗುತ್ತದೆ. ಮುರಿದ ಅಂಚುಗಳಿಗೆ ಅಸಿಟೋನ್ ಸವರಿ ಮೆತ್ತಗೆ ಮಾಡಿಕೊಂಡು, ಕೂಡಿಸಿ, ಬಿರುಕಿಗೆ ಗಂಜಿ ತುಂಬಿ, ಹಿಂದೆ ತೆಳು ಮಲ್ಲುಬಟ್ಟೆಯ ಪಟ್ಟಿಯನ್ನು ಅದೇ ಗಂಜಿಯಲ್ಲಿ ಅದ್ದಿ ಹಚ್ಚಬೇಕು. ಒಂದು ಪದರ ಒಣಗಿದ ಮೇಲೇ ಇನ್ನೊಂದು. ಅವಸರ ಮಾಡಿದರೆ ಒಳಗೆ ಗುಳ್ಳೆ ಏಳುತ್ತದೆ. ಆಮೇಲೆ ನೀರು ಹಾಕಿ ಉಪ್ಪುಕಾಗದದಲ್ಲಿ ಉಜ್ಜಿ, ಹಲ್ಲುಪುಡಿ ಮತ್ತು ಕೊಬ್ಬರಿ ಎಣ್ಣೆಯಲ್ಲಿ ತಿಕ್ಕಿದರೆ ಮಿಂಚುತ್ತದೆ.

ಶಾಂತರಾಜಯ್ಯನ ಕಾರಿನ ಆ ಜೇನುಬಣ್ಣಕ್ಕೆ ದೇವಯ್ಯ ಪಟ್ಟ ಪಾಡು ಅಷ್ಟಿಷ್ಟಲ್ಲ. ಒಂದು ಚಕ್ಕೆಯನ್ನು ಕಿಸೆಯಲ್ಲಿಟ್ಟುಕೊಂಡು ಹಾಸನದ ಅಂಗಡಿಗಳಲ್ಲಿ, ಹೊಳೆನರಸೀಪುರದ ಬಳೆಗಾರರ ಮಲಾರದಲ್ಲಿ, ಬಾಚಣಿಗೆ ಎತ್ತಿ ಬಿಸಿಲಿಗೆ ಹಿಡಿದು ಹಿಡಿದು ನೋಡಿದ. ಮದುವೆಗೆ ಹೆಣ್ಣು ನೋಡುವವರೂ ಅಷ್ಟು ನೋಡುವುದಿಲ್ಲ. ಕೊನೆಗೆ ಹನ್ನೊಂದು ಬಾಚಣಿಗೆ ಸಿಕ್ಕವು. ಜೇನಿನ ಬಣ್ಣದವು, ಕಂದು ಎಳೆಯವು. ನೋಡಿದರೆ ಥೇಟ್ ಕೊಂಬಿನ ಹಾಗೆ ಕಾಣುವಂಥವು.

ಅವನ್ನು ಅರೆಯುವಾಗ ಚನ್ನಪ್ಪ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದ. "ಆಚೆ ಓಗಿ ಸೇದಣ್ಣ, ಬೆಂಕಿ ಅತ್ಕತದೆ" ಎಂದು ದೇವಯ್ಯ ಅವನನ್ನು ಎರಡು ಸಲ ಎಬ್ಬಿಸಿದ್ದ. ಬಾಚಣಿಗೆ ಯಾವುದರದು ಎಂದು ಚನ್ನಪ್ಪ ಕೇಳಲಿಲ್ಲ. ಹಳದಿ ಬಾಚಣಿಗೆ ಎಂದರೆ ಕೊಂಬಿನದು, ಅವನ ತಾಯಿಯ ಕಾಲದಿಂದ ಅವನಿಗೆ ಗೊತ್ತಿದ್ದದ್ದು ಅಷ್ಟೆ.

ಮುಂದಿನ ಭಾನುವಾರ ಶಾಂತರಾಜಯ್ಯನ ಮನೆಯವರು ಜಿನನಾಥಪುರದ ಬಸದಿಗೆ ಹೊರಟರು. ಹರಕೆಯ ಅಭಿಷೇಕ. ಹಿಂದಿನ ಸೀಟಿನಲ್ಲಿ ಹಾಲಿನ ಕೊಡ, ಎಳನೀರು, ಕಬ್ಬಿನ ಹಾಲು. ಅರ್ಧ ದಾರಿಯಲ್ಲಿ ಚನ್ನಪ್ಪನಿಗೆ ಹೊಗಳಬೇಕೆನಿಸಿತು. "ಎಂಗ್ ಮಾಡವ್ನೆ ನೋಡಿ ಸಾ. ಕೊಂಬಿನ ಬಾಚಣ್ಗೆ ಅರೆದು ಮೆತ್ತವ್ನೆ. ಯಾವನಾದ್ರೂ ಕಂಡಿಡೀಲಿ ನೋಡಾನ." ಕಾರು ಅಲ್ಲೇ ನಿಂತಿತು. ಹಾಲು ರಸ್ತೆಬದಿಯ ಲಂಟಾನದ ಬುಡಕ್ಕೆ ಹೋಯಿತು, ಎಳನೀರೂ ಹೋಯಿತು. ಮನೆಯವರೆಲ್ಲ ನಡೆದು ವಾಪಸು ಬಂದರು. ಮಾರನೆಯ ದಿನ ಪುರೋಹಿತರು ಬಂದು ಕಾರಿಗೂ ಮನೆಗೂ ಶುದ್ಧಿ ಮಾಡಿದರು. ಅದಾದ ಮಾರನೆಯ ದಿನ ದೇವಯ್ಯನಿಗೆ ಅಂಗಡಿಯ ಮುಂದೆ ಬರಲು ಕರೆ ಹೋಯಿತು. ಅವನು ಹೊಗಳುತ್ತಾರೆಂದುಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದಿದ್ದ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಅರಕಲಗೂಡಿನ ಡಾಕ್ಟರೊಬ್ಬರ ಕಾರಿನ ಸ್ಟಿಯರಿಂಗ್ ದೇವಯ್ಯನ ಮೇಜಿನ ಮೇಲೆ ಅರ್ಧ ಕೆಲಸವಾಗಿ ಕೂತಿತ್ತು. ಅವರ ಕಡೆಯವನು ಬಂದು, ದೇವಯ್ಯನ ಮುಖ ನೋಡದೆ, ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೋದ. ಹಾಸನದಿಂದ ಬರಬೇಕಿದ್ದ ರೇಡಿಯೋ ಪೆಟ್ಟಿಗೆ ಬರಲಿಲ್ಲ. ಗ್ಯಾರೇಜಿಗೆ ಕಾರು ತಂದವರು ಜಗಲಿಯ ಕಡೆ ಗಲ್ಲ ತೋರಿಸಿ ಪಿಸುಗುಟ್ಟುತ್ತಿದ್ದರು. ಒಬ್ಬ ಲಾರಿ ಕ್ಲೀನರಂತೂ ಹಾದುಹೋಗುವಾಗೆಲ್ಲ ತಲೆಯ ಮೇಲೆ ಎರಡು ಬೆರಳು ಇಟ್ಟುಕೊಂಡು "ಅಂಬಾ" ಎನ್ನುತ್ತಿದ್ದ. ಮೂರನೇ ಸಲಕ್ಕೆ ದೇವಯ್ಯ ಅವನ ಕಪಾಳಕ್ಕೆ ಬಿಟ್ಟ.

ಅವತ್ತು ಸಂಜೆ ಚಂದ್ರಶೇಖರಯ್ಯ ವಿಭೂತಿ ಹಣೆಯನ್ನು ಉಜ್ಜಿಕೊಳ್ಳುತ್ತ ಬಂದು ಜಗಲಿಯ ಅಂಚಿನಲ್ಲಿ ಕೂತ.

"ನೋಡು ದೇವಯ್ಯ, ನನಗೆ ನಿನ್ನ ಮೇಲೆ ಏನಿಲ್ಲ. ಆದರೆ ನಮ್ಮ ಗಿರಾಕಿ ಎಲ್ಲ ಅಂಥ ಮನೆಯೋರೇ. ಮೇಜು ಸ್ವಲ್ಪ ದಿನ ಎತ್ತಿಬಿಡು."

"ಅದು ಕೊಂಬಲ್ಲ ಅಂತ ನಿಮ್ಗೆ ಗೊತ್ತಿಲ್ವ? ನಿಮ್ ಕಣ್ಮುಂದೇನೆ ಮಾಡಿದ್ದು."

"ನನಗೆ ಗೊತ್ತಪ್ಪ."

"ಅಂಗಾದ್ರೆ ಯೋಳಿ. ಪ್ಯಾಟೇಲಿ ನಾಕು ಜನಕ್ಕೆ ಯೋಳಿ."

"ಅವರ ಮಾತಿಗೆ ನಾನು ಎದುರು ಹೇಳೋದು ಅಂದ್ರೆ..." ಚಂದ್ರಶೇಖರಯ್ಯ ಹೆಗಲ ಮೇಲಿನ ಟವಲು ಸರಿಮಾಡಿಕೊಂಡ.

ಗೊತ್ತಿಲ್ಲದೆ ಬೈದವನಿಗಿಂತ ಗೊತ್ತಿದ್ದೂ ಸುಮ್ಮನಿದ್ದವನ ಮೇಲೆ ದೇವಯ್ಯನಿಗೆ ಹೆಚ್ಚು ಸಿಟ್ಟು ಬಂತು. ಮೇಜನ್ನು ಎತ್ತಿ ಗಾಡಿಗೆ ಹಾಕುವಾಗ ಅದರ ಕಾಲು ಗ್ಯಾರೇಜಿನ ಗೋಡೆಗೆ ತಾಗಿ ಸುಣ್ಣ ಉದುರಿತು. ಬೇಕೆಂದೇ ಇನ್ನೊಂದು ಸಲ ತಾಗಿಸಿದ.

ಹಳೇಕೋಟೆಯಲ್ಲಿ ತಾಯಿ ನಂಜಮ್ಮ ರೊಟ್ಟಿ ತಟ್ಟುತ್ತ ಎಲ್ಲ ಕೇಳಿಸಿಕೊಂಡಳು. "ದೊಡ್ಡೋರು, ಒಂದು ಮಾತು ಅಂದ್ರು ಅಂದ್ರು. ತಲೆ ತಗ್ಗಿಸ್ಕಂಡು ಓಗಿ ಕಾಲಿಗೆ ಬಿದ್ರೆ ನಿನ್ನ ಗಂಟು ಏನ್ಲಾ ಓಗದು?"

"ತಪ್ಪು ಮಾಡಿದ್ರೆ ಬೀಳ್ತಿದ್ದೆ."

"ತಪ್ಪು ಮಾಡಿದೋರೇ ಬೀಳಬೇಕು ಅಂತ ಎಲ್ಲಿ ಬರೆದದೆ? ನಿಮ್ಮಪ್ಪ ಎಷ್ಟು ಜನದ ಕಾಲಿಗೆ ಬಿದ್ದಿಲ್ಲ."

"ಅದ್ಕೇಯ ಯಾರೂ ಅವನ ಎಸರು ಯೋಳಲ್ಲ."

ನಂಜಮ್ಮ ಹಿಟ್ಟಿನ ಕೈಯನ್ನು ಹಾಗೇ ಎತ್ತಿಹಿಡಿದು ಮಗನನ್ನು ನೋಡಿದಳು. ಆಮೇಲೆ ರೊಟ್ಟಿ ತಿರುವಿ ಹಾಕಿದಳು. ದೇವಯ್ಯ ಎದ್ದು ಹಿತ್ತಲಿಗೆ ಹೋದ. ತಾಯಿಗೆ ಅಂದದ್ದು ಅವನಿಗೇ ಚುಚ್ಚಿತು, ಆ ಚುಚ್ಚಿದ್ದೂ ಹೋಗಿ ಶಾಂತರಾಜಯ್ಯನ ಲೆಕ್ಕಕ್ಕೇ ಸೇರಿತು.

ಮೂರು ತುಂಡುಗಳನ್ನು ಅವನು ಎಸೆದಿರಲಿಲ್ಲ. ಹಿತ್ತಲಿನ ಕೊಟ್ಟಿಗೆಯಲ್ಲಿ ಮೇಜು ಹಾಕಿಕೊಂಡು ಮತ್ತೆ ಕೂತ. ಯಾರೂ ಮಾಡು ಎಂದಿರಲಿಲ್ಲ, ಮಾಡಿದರೆ ತಗೊಳ್ಳುವವರೂ ಇರಲಿಲ್ಲ. ಮುರಿದದ್ದು ಮುರಿದೇ ಇದ್ದರೆ ಆ ಬೀದಿಯ ಮಾತೇ ಕೊನೆಯ ಮಾತಾಗುತ್ತದೆ ಎನ್ನುವುದೊಂದೇ ಅವನ ತಲೆಯಲ್ಲಿದ್ದದ್ದು. ಉಳಿದಿದ್ದ ಎರಡು ಬಾಚಣಿಗೆಗಳಲ್ಲಿ ಒಂದನ್ನು ಅರೆದ. ಗಂಜಿ ಕಟ್ಟಿದ. ಅಂಚಿಗೆ ಅಂಚು ಕೂಡಿಸಿ ದಾರ ಸುತ್ತಿದ. ಇನ್ನೊಂದು ಬಾಚಣಿಗೆಯನ್ನು ಬೆಂಕಿಪೊಟ್ಟಣದ ಜೊತೆ ಕಿಸೆಯಲ್ಲಿ ಇಟ್ಟುಕೊಂಡ. ಉಜ್ಜುವಾಗೆಲ್ಲ ಕಣ್ಣ ಮುಂದೆ ಅದೇ ಬೀದಿ, ಅದೇ ಜನ, ನಾನು ಬಾಚಣಿಗೆಯ ಹಲ್ಲೊಂದನ್ನು ಮುರಿದು ಕಡ್ಡಿ ಗೀರುತ್ತೇನೆ, ಅದು ಭಗ್ಗೆಂದು ಉರಿಯುತ್ತದೆ. ಕೊಂಬಾದರೆ ಕೂದಲು ಸುಟ್ಟ ನಾತ ಬರಬೇಕು, ಇದರಲ್ಲಿ ಬರುವುದು ಕರ್ಪೂರದ ವಾಸನೆ. ಯಾಕೆಂದರೆ ಸೆಲ್ಯುಲಾಯ್ಡ್ ಮಾಡುವುದೇ ಕರ್ಪೂರ ಬೆರೆಸಿ. ನೋಡ್ರಿ, ಮೂಸ್ರಿ, ಇದು ದನವೇನ್ರಿ, ಎನ್ನುತ್ತೇನೆ. ಶಾಂತರಾಜಯ್ಯ ಮೆಟ್ಟಿಲು ಇಳಿದು ಕೆಳಗೆ ಬರುತ್ತಾನೆ. ಹಾಗೆ ಅವನ ಮನಸ್ಸಿನಲ್ಲಿ ದಿನಕ್ಕೆ ಹತ್ತು ಸಲ ಇಳಿದು ಬರುತ್ತಿದ್ದ.

ಭಾದ್ರಪದದಲ್ಲಿ ಒಂದು ದಿನ, ಹೊತ್ತು ಏರುವ ಮುಂಚೆ, ಹಳೇಕೋಟೆಯ ಬೀದಿಗೆ ಆ ಕಾರು ಬಂತು. ಹಿಂದೆ ಊರ ಹುಡುಗರೆಲ್ಲ ಓಡಿ ಬಂದರು. ಚನ್ನಪ್ಪ ಇಳಿದು, ಟೋಪಿ ತೆಗೆದು, ಕೊಟ್ಟಿಗೆಯ ಬಾಗಿಲಲ್ಲಿ ನಿಂತ.

"ಬಾರ್ಲಾ ದೇವ. ಯಜಮಾನ್ರು ಕರ್ಕಂಬಾ ಅಂದವ್ರೆ. ಆ ಪಟ್ಟಿ ತುಂಡು ಇದ್ರೆ ಅದ್ನೂ ತತ್ತಾ ಅಂದವ್ರೆ."

"ಇನ್ನೂ ಬಯ್ಯದು ಉಳ್ಕಂಡದಂತ?"

"ಅಂಗಲ್ಲ ಕಣ್ಲಾ. ದೊಡ್ಡಮ್ಮಾವ್ರು ಕಂಡಿಡುದ್ರು."

ದೊಡ್ಡಮ್ಮನವರು ಎಂದರೆ ಶಾಂತರಾಜಯ್ಯನ ತಾಯಿ ಪದ್ಮಾವತಮ್ಮ. ಕಣ್ಣು ಮಂಜಾದವರು. ಕಾರಿನಲ್ಲಿ ಅವರ ಜಾಗ ಯಾವಾಗಲೂ ಹಿಂದಿನ ಎಡಗಡೆ ಬಾಗಿಲ ಪಕ್ಕ. ಆ ಬಾಗಿಲ ಹಿಡಿಯ ಸುತ್ತ ಅಂಗೈಯಗಲದ ಪ್ಲಾಸ್ಟಿಕ್ ಬಿಲ್ಲೆಯೊಂದು ಸೀಳಿತ್ತು. ದೇವಯ್ಯ ಪಟ್ಟಿಯ ಜೊತೆಗೆ ಅದನ್ನೂ, ಯಾರೂ ಕೇಳದೆ, ಉಳಿದ ಗಂಜಿಯಲ್ಲಿ ಕೂಡಿಸಿದ್ದ. ಪಟ್ಟಿಯನ್ನು ಕಿತ್ತು ಎಸೆದವರಿಗೆ ಆ ಬಿಲ್ಲೆಯ ಸುದ್ದಿ ಗೊತ್ತೇ ಇರಲಿಲ್ಲ.

"ಮಧ್ಯಾನದ ಬಿಸ್ಲು," ಎಂದ ಚನ್ನಪ್ಪ. "ಅಮ್ಮಾವ್ರು ಬಾಗ್ಲಿಗೆ ಕೈ ಇಟ್ಕಂಡು ಕೂತಿದ್ರು. ಬಿಸಿಗೆ, ಉಜ್ಜಿ ಉಜ್ಜಿ, ಕೈಯೆಲ್ಲ ವಾಸನೆ. 'ಯಾರಪ್ಪ ಕಾರಲ್ಲಿ ಕರ್ಪೂರ ಇಟ್ಟಿರೋರು' ಅಂತ ಕೇಳುದ್ರು. ನಾನು ಮೂಸ್ದೆ. ಯಜಮಾನ್ರೂ ಮೂಸುದ್ರು. ಆಮ್ಯಾಕೆ ಅಮ್ಮಾವ್ರು ಅಂಗಡಿಯಿಂದ ಒಂದು ಅಳದಿ ಬಾಚಣ್ಗೆ ತರಿಸಿ ಒಲೆಗೆ ಆಕ್ಸುದ್ರು. ಭುಗ್ ಅಂತು. ಮನೆಯೆಲ್ಲ ಮಂಗಳಾರತಿ ಆದಂಗೆ ವಾಸನೆ."

"ನೀನು ಬೀಡಿ ಸೇದ್ಕಂಡು ಪಕ್ಕದಲ್ಲೇ ಕೂತಿದ್ದೆ. ಎರಡು ಸಲ ಎಬ್ಬಿಸ್ದೆ. ಕೊಂಬಿಗೆ ಬೆಂಕಿ ಅತ್ಕತದೇನಣ್ಣ?"

ಚನ್ನಪ್ಪ ಟೋಪಿಯನ್ನು ಮುಷ್ಟಿಯಲ್ಲಿ ಹಿಂಡಿದ. "ನಾನು ಒಗಳಕ್ಕೆ ಓಗಿದ್ದು ಕಣ್ಲಾ. ನಿನ್ನಾಣೆಗೂ ಒಗಳಕ್ಕೆ."

ದೇವಯ್ಯ ಪಟ್ಟಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಕಾರು ಹತ್ತಿದ. ನಂಜಮ್ಮ ಬಾಗಿಲಲ್ಲಿ ನಿಂತು "ಸಿಟ್ಟು ಮಾಡ್ಕಬ್ಯಾಡ ಮಗ" ಎಂದಳು. ಸ್ಟಿಯರಿಂಗ್ ಹಿಂದೆ ಪಟ್ಟಿ ಇದ್ದ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ತೆರೆದುಕೊಂಡಿತ್ತು, ಒಳಗಿನ ವೈರುಗಳು ಕಾಣುತ್ತಿದ್ದವು. ಚನ್ನರಾಯಪಟ್ಟಣ ಬರುವವರೆಗೆ ಅವನು ಅದನ್ನೇ ನೋಡುತ್ತಿದ್ದ.

"ಇವತ್ತೇ ಯಾಕೆ ಕರ್ಸುದ್ರು ಗೊತ್ತ?" ಎಂದ ಚನ್ನಪ್ಪ. "ಇವತ್ತು ಅವರ ಜನಕ್ಕೆ ಕ್ಷಮಾವಣಿ. ಅತ್ತು ದಿನ ದಶಲಕ್ಷಣ ಪೂಜೆ ಮುಗೀತು. ಇವತ್ತು ಚಿಕ್ಕೋರು ದೊಡ್ಡೋರು ಅಂತಿಲ್ಲ, ಒಬ್ಬರಿಗೊಬ್ಬರು ಕೈ ಮುಗಿದು ತಪ್ಪಾಯ್ತು ಅಂತಾರೆ. ಯಜಮಾನ್ರೂ ಅಂತಾರೆ. ನೀನೂ ನೋಡ್ತೀಯಲ್ಲ."

ಪೇಟೆಬೀದಿ ಅವತ್ತಿನ ಹಾಗೇ ತುಂಬಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಶಾಂತರಾಜಯ್ಯ ಬಿಳಿ ಪಂಚೆ, ಬಿಳಿ ಉತ್ತರೀಯದಲ್ಲಿ ನಿಂತು ಬಂದವರಿಗೆಲ್ಲ ಕೈ ಮುಗಿಯುತ್ತಿದ್ದ. "ಅರಿತೋ ಅರಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಬೇಕು." ಬಂದವರೂ ಹಾಗೇ ಹೇಳಿ ಬಗ್ಗುತ್ತಿದ್ದರು. ದೇವಯ್ಯ ಬೀದಿಯಲ್ಲಿ ನಿಂತು ಕಾದ, ಅವತ್ತು ನಿಂತಿದ್ದ ಚಪ್ಪಡಿಯ ಮೇಲೇ. ಶಾಂತರಾಜಯ್ಯ ಅವನನ್ನು ನೋಡಿದ. ಕೈ ಕೆಳಗಿಳಿಸಿದ. ಚನ್ನಪ್ಪನ ಕಡೆ ತಿರುಗಿ, "ಒಳಗೆ ಕರಕೊಂಡು ಹೋಗು, ಹಿಂದಿನ ಬಾಗಿಲಿಂದ" ಎಂದ.

ಅಂಗಡಿಯ ಹಿಂದೆಯೇ ಮನೆ. ನಡುಮನೆಯಲ್ಲಿ ಹುಲ್ಲು ಸುತ್ತಿದ ಕೊಳಗ, ಕೊಪ್ಪರಿಗೆಗಳ ನಡುವೆ ಪದ್ಮಾವತಮ್ಮ ಮಣೆಯ ಮೇಲೆ ಕೂತಿದ್ದರು. ಹೆಜ್ಜೆ ಸದ್ದಿಗೆ ತಲೆ ಎತ್ತಿದರು.

"ಬಂದ್ಯಾಪ್ಪ? ಅದು ತಂದಿದೀಯಾ? ಕೊಡು ಇಲ್ಲಿ."

ದೇವಯ್ಯ ಪಟ್ಟಿಯನ್ನು ಅವರ ಮಡಿಲಲ್ಲಿಟ್ಟ. ಅವರು ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದರು. ಎರಡು ಸಲ ಆಡಿಸಿದರು.

"ಎಲ್ಲಿ ಒಡೆದಿತ್ತು?"

"ಮೂರು ಕಡೆ ಅಮ್ಮ. ಒಂದು ಮೊದಲಿಂದು. ಎರಡು ನಿಮ್ಮ ಮಗ ಒಡೆದಿದ್ದು."

"ನನ್ನ ಬೆರಳಿಗೆ ಒಂದೂ ಸಿಕ್ಕಲಿಲ್ಲ." ಪಟ್ಟಿಯನ್ನು ಉಜ್ಜಿ ಮೂಸಿದರು. ಆಮೇಲೆ ಅದನ್ನು ಪಕ್ಕಕ್ಕಿಟ್ಟು, ಆ ಎಂಬತ್ತರ ಮುದುಕಿ, ಎರಡೂ ಕೈ ಜೋಡಿಸಿ ಅವನ ಕಡೆಗೆ ಬಗ್ಗಿದರು. "ನಮ್ಮ ಮನೆಯಿಂದ ತಪ್ಪಾಯಿತು. ಕ್ಷಮಿಸಪ್ಪ."

ಮೂವತ್ತು ದಿನ ಕಟ್ಟಿಟ್ಟುಕೊಂಡಿದ್ದ ಸಿಟ್ಟಿನ ಗಂಟು ಇಷ್ಟು ಸಲೀಸಾಗಿ ಬಿಚ್ಚಿಕೊಳ್ಳುತ್ತದೆಂದು ದೇವಯ್ಯ ಎಣಿಸಿರಲಿಲ್ಲ. "ನೀವ್ಯಾಕೆ ಕೈ ಮುಗೀತೀರಿ ಅಮ್ಮ, ನೀವೇನಂದ್ರಿ" ಎಂದ.

ಅಷ್ಟರಲ್ಲಿ ಶಾಂತರಾಜಯ್ಯ ಒಳಗೆ ಬಂದ. ಅಂಗಡಿಯ ಕಡೆಯ ಬಾಗಿಲನ್ನು ಮುಚ್ಚಿದ. ದನಿ ತಗ್ಗಿಸಿದ.

"ನೋಡಯ್ಯ, ಆಗಿದ್ದು ಆಗಿಹೋಯ್ತು. ನನಗೆ ಸರಿಯಾಗಿ ತಿಳಿಸೋರು ಇರಲಿಲ್ಲ. ಪಟ್ಟಿ ಕೂರಿಸಿಬಿಡು. ಹಾಸನದಲ್ಲಿ ನಮ್ಮ ಭಾವನದ್ದೂ ಒಂದು ಹಳೇ ಕಾರಿದೆ, ಅದನ್ನೂ ನಿನಗೇ ಕೊಡಿಸ್ತೀನಿ. ಚಂದ್ರಶೇಖರಯ್ಯನಿಗೂ ಹೇಳ್ತೀನಿ, ಜಗಲಿ ಬಿಟ್ಟುಕೊಡ್ತಾನೆ."

"ಅವೆಲ್ಲ ಆಮೇಲೆ ಸಾ. ಮೊದಲು ಆಚೆ ಬಂದು ಒಂದು ಮಾತು ಯೋಳಿ."

"ಏನು ಮಾತು?"

"ಅದು ಕೊಂಬಲ್ಲ ಅಂತ. ಅಷ್ಟೇಯ. ನನ್ ಕಾಲಿಡೀರಿ ಅನ್ನಕಿಲ್ಲ. ಅಂದ ಜಾಗದಲ್ಲಿ ನಿಂತ್ಕಂಡು, ಅಂದ ಜನದ ಮುಂದೆ, ಕೊಂಬಲ್ಲ ಅನ್ನಿ."

ಶಾಂತರಾಜಯ್ಯ ತಾಯಿಯ ಕಡೆ ನೋಡಿದ, ಬಾಗಿಲ ಕಡೆ ನೋಡಿದ. "ಹಾಲು ಚೆಲ್ಲಿದ್ದು, ಶುದ್ಧಿ ಮಾಡಿಸಿದ್ದು ಊರಿಗೆಲ್ಲ ಗೊತ್ತು. ಈಗ ಹೋಗಿ ಅದು ಕರ್ಪೂರ ಅಂದ್ರೆ ಜನ ನನಗೆ ಏನಂತಾರೆ?"

"ನನಗೇನಂದ್ರು ಸಾ?"

"ಹೇಳು ಶಾಂತು," ಎಂದರು ಪದ್ಮಾವತಮ್ಮ. "ಬೆಳಿಗ್ಗೆಯಿಂದ ನೀನು ಯಾರಿಗೆ ಏನೂ ತಪ್ಪು ಮಾಡಿಲ್ವೋ ಅವರ ಹತ್ರ ಎಲ್ಲ ಕ್ಷಮೆ ಕೇಳ್ತಾ ನಿಂತಿದೀಯ. ಯಾರಿಗೆ ಮಾಡಿದೀಯೋ ಅವನ ಹತ್ರ ಕೇಳು."

ಶಾಂತರಾಜಯ್ಯ ಉತ್ತರೀಯದ ಅಂಚು ಎಳೆದುಕೊಂಡ. "ಆಯಿತು. ಬಾ, ಹೇಳ್ತೀನಿ." ಪಟ್ಟಿಯನ್ನು ತಾನೇ ಕೈಗೆ ತೆಗೆದುಕೊಂಡ. ಈ ಸಲ ಎರಡು ಬೆರಳಲ್ಲಲ್ಲ, ಎರಡೂ ಕೈಯಲ್ಲಿ.

ಅವರು ಅಂಗಡಿಯ ಮೂಲಕವೇ ಆಚೆ ಬಂದರು. ದೇವಯ್ಯ ಮೆಟ್ಟಿಲು ಇಳಿದು ಬೀದಿಯಲ್ಲಿ ನಿಂತ. ಶಾಂತರಾಜಯ್ಯ ಮೇಲೆಯೇ ನಿಂತ. ಜನ ತಾವಾಗಿಯೇ ಸೇರಿದರು. ಗ್ಯಾರೇಜಿನಿಂದ ಚಂದ್ರಶೇಖರಯ್ಯ ಬಂದಿದ್ದ, ಕಪಾಳಕ್ಕೆ ತಿಂದ ಕ್ಲೀನರೂ ಬಂದಿದ್ದ. ದೇವಯ್ಯನ ಕೈ ಕಿಸೆಯೊಳಗೆ ಬೆಂಕಿಪೊಟ್ಟಣದ ಮೇಲಿತ್ತು. ಬೇಕಾಗಲಾರದು ಎಂದುಕೊಂಡ. ಅವನೇ ಹೇಳುತ್ತಾನಲ್ಲ.

ಶಾಂತರಾಜಯ್ಯ ಪಟ್ಟಿಯನ್ನು ಎತ್ತಿ ತೋರಿಸಿದ. ಬಿಸಿಲು ಬಿದ್ದು ಜೇನಿನ ಹಾಗೆ ಹೊಳೆಯಿತು. ಮುಂದಿದ್ದ ಮುಖಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಅವನ ದನಿ ವ್ಯಾಪಾರದ ದನಿಯಾಯಿತು.

"ನೋಡಿ, ಹುಡುಗ ಬುದ್ಧಿ ಕಲಿತಿದಾನೆ. ಈ ಸಲ ಕೊಂಬುಗಿಂಬು ಇಲ್ಲದೆ, ಶುದ್ಧವಾಗಿ ಮಾಡಿ ತಂದಿದಾನೆ. ಇವತ್ತು ಕ್ಷಮಾವಣಿ. ಮನಸ್ಸಲ್ಲಿ ಕಹಿ ಇಟ್ಕೋಬಾರದು. ನಾನು ಇವನನ್ನ ಕ್ಷಮಿಸಿದೀನಿ. ನೀವೂ ಕ್ಷಮಿಸಿ, ಕೆಲಸ ಕೊಡಿ."

ಜನ ತಲೆದೂಗಿದರು. ದೊಡ್ಡ ಮನಸ್ಸು ಎಂದ ಒಬ್ಬ. ಚಂದ್ರಶೇಖರಯ್ಯ ನೆಲ ನೋಡುತ್ತಿದ್ದ. ಚನ್ನಪ್ಪ ಟೋಪಿಯನ್ನು ತಲೆಗೆ ಹಾಕಿ ಮತ್ತೆ ತೆಗೆದ.

ದೇವಯ್ಯನ ಕಿಸೆಯಲ್ಲಿ ಬೆಂಕಿಪೊಟ್ಟಣ ಅವನ ಮುಷ್ಟಿಗೆ ಸಿಕ್ಕಿ ನುಗ್ಗಾಯಿತು. ಒಂದು ಕಡ್ಡಿ ಗೀರಿದರೆ ಮುಗಿಯುತ್ತಿತ್ತು. ಆದರೆ ಕಡ್ಡಿ ಗೀರುವುದು ಗೊತ್ತಿಲ್ಲದವನಿಗಾಗಿ. ಮೇಲೆ ನಿಂತಿದ್ದವನಿಗೆ ಗೊತ್ತಿತ್ತು. ಈಗ ತಾನೇ ತಾಯಿಯ ಮುಂದೆ ನಿಂತು ಒಪ್ಪಿದ್ದ, ಹತ್ತು ಹೆಜ್ಜೆ ಆಚೆ ಬರುವುದರೊಳಗೆ ಮಾತನ್ನೇ ತಿರುಗಿಸಿ ನಿಲ್ಲಿಸಿದ್ದ. ಅವನ ಮುಂದೆ ಬೀದಿಯಲ್ಲಿ ಬೆಂಕಿ ಹಚ್ಚಿ, ಮೂಸ್ರಪ್ಪ, ನೋಡ್ರಪ್ಪ ಎಂದು ಕುಣಿಯಲು ದೇವಯ್ಯ ಕೋತಿಯಾಡಿಸುವವನ ಕೋತಿಯೆ?

"ಏನಯ್ಯ, ಸಂತೋಷವಾಯ್ತಾ?" ಎಂದ ಶಾಂತರಾಜಯ್ಯ. ಮುಖದಲ್ಲಿ ನಗು ಇತ್ತು, ಕಣ್ಣು ಮಾತ್ರ ಬೇಡಿಕೊಳ್ಳುತ್ತಿತ್ತು. "ಒಂದು ಮಾತು ಹೇಳು. ಎಲ್ಲರೂ ಕಾಯ್ತಾ ಇದಾರೆ."

ದೇವಯ್ಯ ಮೆಟ್ಟಿಲು ಹತ್ತಿದ. ಒಂದು, ಎರಡು, ಮೂರು. ಮೇಲಿನ ಮೆಟ್ಟಿಲಲ್ಲಿ ಅವನ ಎದುರಿಗೆ, ಅವನ ಉಸಿರು ತಾಗುವಷ್ಟು ಹತ್ತಿರ ನಿಂತ. ಶಾಂತರಾಜಯ್ಯ ಅರ್ಧ ಹೆಜ್ಜೆ ಹಿಂದೆ ಸರಿದ.

ದೇವಯ್ಯ ಅವನ ಕೈಯಿಂದ ಪಟ್ಟಿಯನ್ನು ಬಿಡಿಸಿಕೊಂಡ, ಹುಷಾರಾಗಿ, ಎಲ್ಲೂ ಬಳುಕದ ಹಾಗೆ. ಹಳೆಯ ಪಂಚೆಯಲ್ಲಿ ಸುತ್ತಿದ. ಕಂಕುಳಲ್ಲಿ ಇಟ್ಟುಕೊಂಡ.

"ಎಲ್ಲಿಗಯ್ಯ? ಕಾರಿಗೆ ಕೂರಿಸೋದು ಯಾರು?" ಎಂದ ಶಾಂತರಾಜಯ್ಯ. ಒಳಗಿನಿಂದ ಪದ್ಮಾವತಮ್ಮನವರ ದನಿ ಕೇಳಿತು, "ಹೇಳಿದನೇನಪ್ಪ? ಹೇಳಿದನಾ?"

ದೇವಯ್ಯ ಮೆಟ್ಟಿಲು ಇಳಿದ. ಪಟ್ಟಿಯಿಲ್ಲದ ಕಾರಿನ ಪಕ್ಕದಿಂದ, ದಾರಿ ಬಿಟ್ಟ ಜನರ ನಡುವಿನಿಂದ, ಹೊಳೆನರಸೀಪುರದ ಬಸ್ಸು ನಿಲ್ಲುವ ಕಡೆಗೆ ನಡೆದ.